ಜಿಡ್ಡು ಬೀಳದ ಗುಂಡಿ

ನನ್ನ ತಂದೆಯ ತಂಗಿ ಸ್ಟೇಷನ್ ರಸ್ತೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಗೋಕಾಕದ ಕಡೆಯಿಂದ ಹುಕ್ಕೇರಿ ಕೋರ್ಟಿಗೆ ಹೋಗುವವರು ನಡುವೆ ಇಳಿದು ಉಂಡು ಹೋಗುತ್ತಿದ್ದ ಊರು ಎಂದರೆ ಆ ಭಾಗದವರಿಗೆ ಸಾಕು. ಆಗ ಊರ ಕಮಿಟಿಯ ಅಧ್ಯಕ್ಷರಾಗಿದ್ದವರ ಮೊಮ್ಮಕ್ಕಳು ಇನ್ನೂ ಅಲ್ಲೇ ಇದ್ದಾರೆ. ಅವರ ಮೇಲೆ ನನಗೇನೂ ಇಲ್ಲ. ನನ್ನ ಸಿಟ್ಟು ಸತ್ತವರ ಮೇಲೆ. ತಿರುಗಿ ಮಾತಾಡದವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಸುಲಭವೆಂದು ಬಲ್ಲೆ. ಅದಕ್ಕೇ, ನಾನು ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ಅತ್ತೆಯ ಬಾಯಿಂದ ಕೇಳಿದ್ದು ಯಾವುದು ಎಂದು ಬೇರೆ ಮಾಡಿ ಬರೆಯಲು ನೋಡುತ್ತೇನೆ. ಎಷ್ಟು ಸಾಧ್ಯವೋ ಅಷ್ಟು.

ಆ ವರ್ಷ ನಾನು ಧಾರವಾಡದಲ್ಲಿ ಬಿ.ಎ. ಕಡೆಯ ವರ್ಷದಲ್ಲಿದ್ದೆ. ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ಬೇಸಿಗೆ ರಜೆಗೆ ಅತ್ತೆಯ ಮನೆಗೆ ಬಂದಾಗ ಹಿತ್ತಲಲ್ಲಿ ಹೊಸದೊಂದು ಗುಂಡಿ ಕಂಡಿತು. ಇಟ್ಟಿಗೆ, ಗಚ್ಚಿನ ಕೆಲಸ; ಮೇಲೆ ಕಲ್ಲಿನ ಮುಚ್ಚಳ. ಒಳಗೆ ನಡುವೆ ಒಂದು ಅಡ್ಡಗೋಡೆ, ಆ ಗೋಡೆಯ ಬುಡದಲ್ಲಿ ಮಾತ್ರ ಕಿಂಡಿ. ಅಡುಗೆಮನೆಯ ನೀರು ಒಂದು ಕಡೆಯಿಂದ ಬೀಳಬೇಕು, ಎಣ್ಣೆ ಜಿಡ್ಡು ತೇಲಿ ಅಲ್ಲೇ ನಿಲ್ಲಬೇಕು, ಕೆಳಗಿನ ತಿಳಿನೀರು ಕಿಂಡಿಯಿಂದ ಆಚೆ ಹೋಗಿ ಗಟಾರ ಸೇರಬೇಕು. ನಿಂತ ಜಿಡ್ಡನ್ನು ವಾರಕ್ಕೊಮ್ಮೆ ಬಾಚಿ ಊರ ಹೊರಗೆ ಹೂಳಬೇಕು. ಉಣ್ಣಲು ಕೊಡುವ ಎಲ್ಲ ಅಂಗಡಿಗಳಿಗೂ ಕಮಿಟಿಯ ಹುಕುಂ ಆಗಿತ್ತು. ಇಲ್ಲದವರಿಗೆ ಪರವಾನಿಗಿ ಇಲ್ಲ.

ಹುಕುಂ ತಪ್ಪೆಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಸ್ಟೇಷನ್ ರಸ್ತೆಯ ಗಟಾರ ಜಿಡ್ಡು ಕಟ್ಟಿ ನಿಂತುಹೋಗಿತ್ತು. ಕೋಲಿನಿಂದ ಚುಚ್ಚಿದರೆ ಹಳೆಯ ಮೇಣದ ಹಾಗೆ ತುಂಡು ತುಂಡಾಗಿ ಏಳುತ್ತಿತ್ತು. ಅತ್ತೆಯ ಬಾಜೂಕಿದ್ದ ಚಹಾ-ಭಜಿ ಅಂಗಡಿಯ ಮುಂದಂತೂ ಮೂಗು ಮುಚ್ಚದೆ ದಾಟುವಂತಿರಲಿಲ್ಲ. ಅತ್ತೆ ಕಮಿಟಿಯ ಹುಕುಂ ಕೇಳಿ ಬೈಯಲಿಲ್ಲ. ಎಲ್ಲರಿಗಿಂತ ಮೊದಲು ಗುಂಡಿ ಕಟ್ಟಲು ಗೌಂಡಿಯನ್ನು ಕರೆಸಿದವಳು ಅವಳೇ. "ಹೊಲಸ ಹೋಗಲಿ ಅಂದ್ರ ನಾ ಯಾಕ ಒಲ್ಲೆ ಅನ್ಲಿ?" ಎಂದಿದ್ದಳಂತೆ.

ತೊಂದರೆ ಆದದ್ದು ಬೇರೆ ಕಡೆಯಿಂದ. ಅತ್ತೆಯ ಗುಂಡಿಯಲ್ಲಿ ಜಿಡ್ಡೇ ಬೀಳಲಿಲ್ಲ.

ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಅತ್ತೆಯ ಖಾನಾವಳಿಗೆ ಬರುವವರು ಹೆಚ್ಚಾಗಿ ನಮ್ಮವರೇ, ಕೊರಳಲ್ಲಿ ಲಿಂಗ ಕಟ್ಟಿದವರು. ಘೋಡಗೇರಿಯ ಒಕ್ಕಲುತನದವರು, ದಡ್ಡಿಯ ಕಡೆಯಿಂದ ಬೆಲ್ಲ ತರುವವರು, ಮೂಡಲಗಿ ದನದ ಪೇಟೆ ಮುಗಿಸಿ ಹೊರಟವರು. ತಾಟಿನಲ್ಲಿ ಬಡಿಸಿದ್ದು ಅವರಿಗೆ ಬರೀ ಊಟವಲ್ಲ, ಪ್ರಸಾದ. ಅದರಲ್ಲಿ ಒಂದಗುಳೂ ಬಿಡುವಂತಿಲ್ಲ. ಉಂಡು ಮುಗಿದ ಮೇಲೆ ತಂಬಿಗೆಯಿಂದ ಒಂದಿಷ್ಟು ನೀರನ್ನು ತಾಟಿಗೆ ಹಾಕಿಕೊಂಡು, ಬೆರಳಿನಿಂದ ಅಂಚು ಸುತ್ತಲೂ ಸವರಿ, ಬದನೆಕಾಯಿಯ ಎಣ್ಣೆ, ಹಿಂಡಿ ಚಟ್ನಿಯ ಕಾರ, ಬ್ಯಾಳಿಯ ಪಸೆ ಎಲ್ಲ ಆ ನೀರಿಗೆ ಇಳಿಸಿ, ತಾಟನ್ನೆತ್ತಿ ಕುಡಿದುಬಿಡುತ್ತಿದ್ದರು. ಮತ್ತೆ ಇನ್ನಷ್ಟು ನೀರು, ಮತ್ತೆ ಕುಡಿಯುವುದು. ಕಡೆಗೆ ಅಂಗೈಯಿಂದ ತಾಟು ಒರಸಿ, ಆ ಪಸೆಯನ್ನು ತೋಳಿಗೆ ಸವರಿಕೊಂಡು, ತಾಟನ್ನು ಗೋಡೆಗೆ ಒರಗಿಸಿ ಏಳುತ್ತಿದ್ದರು. ಬೂದಿ ಹಚ್ಚಿ ತಿಕ್ಕುವ ಮೊದಲೇ ತಾಟು ಹೊಳೆಯುತ್ತಿತ್ತು.

ಉಳಿದದ್ದು ಅಡುಗೆಯ ಪಾತ್ರೆಗಳು. ಕರಿದ ಎಣ್ಣೆ ಮರುದಿನದ ಒಗ್ಗರಣೆಗೆ. ಬಾಣಲೆಗೆ ಒಂದು ಹಿಡಿ ಜೋಳದ ಹಿಟ್ಟು ಹಾಕಿ ಒರಸಿ, ಆ ಹಿಟ್ಟನ್ನೂ ಪಾತ್ರೆ ಗಲಬರಿಸಿದ ಮುಸುರಿ ನೀರನ್ನೂ ಎಮ್ಮೆಗೆ ಇಡುತ್ತಿದ್ದರು. ಗುಂಡಿಗೆ ಹೋಗುತ್ತಿದ್ದುದು ಬೂದಿಯ ನೀರು ಮಾತ್ರ.

ಸ್ಯಾನಿಟರಿ ಇನ್ಸ್‌ಪೆಕ್ಟರರು ಪುಣೆಯಲ್ಲಿ ಕಲಿತು ಬಂದಿದ್ದರು. ಊರವರು ಅವರನ್ನು ಹಿಂದಿನಿಂದ 'ಗಟಾರ ಸಾಹೇಬ' ಎನ್ನುತ್ತಿದ್ದರು. ನನಗೆ ಆ ಹೆಸರು ಇಷ್ಟವಿರಲಿಲ್ಲ, ಗಟಾರ ಸ್ವಚ್ಛ ಮಾಡಿಸುವುದು ನಾಚಿಕೆಯ ಕೆಲಸವೇನಲ್ಲ. ಅವರು ಬಂದು ಗುಂಡಿಯ ಮುಚ್ಚಳ ತೆಗೆಸಿದಾಗ ನಾನು ಹಿತ್ತಲ ಬಾಗಿಲಲ್ಲಿದ್ದೆ. ಕೋಲು ಇಳಿಸಿದರು, ಎತ್ತಿದರು, ಮೂಸಿದರು.

"ಬಾಯಿ, ದಿನಾ ಎಷ್ಟ ಮಂದಿ ಉಣತಾರ?"

"ಮನಿ ತುಂಬ ಉಣತಾರ್ರಿ. ಸಂತಿ ದಿನಾ ಕಟ್ಟೀ ಮ್ಯಾಲೂ ಕುಂಡರತಾರ."

"ಮತ್ತ ಜಿಡ್ಡು ಎಲ್ಲೆ?"

"ಇಲ್ರಿ."

"ಇಲ್ಲಂದ್ರ ಹೆಂಗ? ಬಾಜೂದವರ ಗುಂಡಿ ನೋಡ್ರಿ, ಬೆರಳುದ್ದ ಕೆನಿ ಕಟ್ಟೈತಿ. ಅದಕ್ಕ ಅನ್ನಾಕ ಬೇಕು ಗುಂಡಿ! ನಿಮ್ಮದು ಬರೇ ತೋರಿಸಾಕ ಕಟ್ಟಿದ್ದು. ಖರೆ ನೀರು ಬ್ಯಾರೆ ದಾರೀಲೆ ಗಟಾರಕ್ಕ ಬಿಡತೀರಿ."

ಅತ್ತೆ ನಕ್ಕಳು. ಅವಳು ನಗಬಾರದಿತ್ತು ಎಂದು ಆಮೇಲೆ ಎಷ್ಟೋ ಸಲ ಅನಿಸಿದೆ. ಆದರೆ ತುಂಬಿದ ಮನೆಯ ಹಿತ್ತಲಲ್ಲಿ ನಿಂತು, ನಿನ್ನ ಮನೆಯಲ್ಲಿ ಹೊಲಸು ಸಾಲದು ಎಂದು ಒಬ್ಬರು ಗದರಿಸಿದರೆ ನಗದೆ ಇನ್ನೇನು ಮಾಡಬೇಕು? "ಸಾಹೇಬ್ರ, ನಮ್ಮ ಮಂದಿ ತಾಟ ತೊಳದ ಕುಡೀತಾರ್ರಿ" ಎಂದಳು. ಅವರು ಮುಖ ಸಿಂಡರಿಸಿದರು. "ಏನರೆ ಹೇಳಬ್ಯಾಡ್ರಿ. ಮುಸುರಿ ನೀರು ಯಾರ ಕುಡೀತಾರ?"

ಎರಡು ದಿನ ಬಿಟ್ಟು ಕಮಿಟಿಯ ಆಳುಗಳು ಹಾರೆ ಹಿಡಿದು ಬಂದರು. ಕಳ್ಳ ಮೋರಿ ಹುಡುಕಬೇಕಾಗಿತ್ತು. ಅಡುಗೆಮನೆಯ ಹಾಸುಗಲ್ಲುಗಳನ್ನು ಒಂದೊಂದಾಗಿ ಎಬ್ಬಿಸಿದರು. ಅತ್ತೆ ಒದ್ದೆ ಬಟ್ಟೆಯಲ್ಲಲ್ಲದೆ ಕಾಲಿಡದ ಜಾಗ ಅದು. ಇನ್ಸ್‌ಪೆಕ್ಟರರು ಬೂಟು ಹಾಕಿಕೊಂಡೇ ಒಲೆಯ ಪಕ್ಕ ನಿಂತು ಇಲ್ಲಿ ಅಗೆಯಿರಿ, ಅಲ್ಲಿ ಅಗೆಯಿರಿ ಎಂದರು. ಬೂಟಿನ ವಿಷಯ ಬರೆಯುವಾಗ ಕೈ ತಡೆಯುತ್ತದೆ. ನಿಜವಾಗಿ ಬೂಟು ಇದ್ದವೇ? ಸಿಟ್ಟು ಎಲ್ಲರಿಗೂ ಬೂಟು ತೊಡಿಸುತ್ತದೆ. ಆದರೆ ಅಗೆದ ಮಣ್ಣಿನ ಮೇಲೆ ಬಿದ್ದ ಹಿಮ್ಮಡಿಯ ಗುರುತನ್ನು ಅತ್ತೆ ಕೈಯಿಂದ ಸವರಿ ಅಳಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಆಳುಗಳು ಬರಿಗಾಲಲ್ಲಿದ್ದರು. ಹಾಗಾಗಿ ಬೂಟು ಇದ್ದವೆಂದೇ ಬರೆಯುತ್ತೇನೆ.

ಮೋರಿ ಸಿಗಲಿಲ್ಲ. ಒಂದು ಹಳೆಯ ಕುಡುಗೋಲಿನ ತುಂಡು ಸಿಕ್ಕಿತು, ಇಲಿಯ ಬಿಲ ಸಿಕ್ಕಿತು. ಅಷ್ಟಾದ ಮೇಲೆ ಇನ್ಸ್‌ಪೆಕ್ಟರರು ತಪ್ಪಾಯಿತು ಎನ್ನಬೇಕಾಗಿತ್ತು. ಅನ್ನಲಿಲ್ಲ. ಮೋರಿ ಇಲ್ಲವೆಂದರೆ ಜಿಡ್ಡಿನ ನೀರನ್ನು ಕೊಡಗಳಲ್ಲಿ ತುಂಬಿ ಕತ್ತಲಲ್ಲಿ ಹೊರಗೆ ಚೆಲ್ಲುತ್ತಾರೆ ಎಂದರು. ಹಾಸುಗಲ್ಲುಗಳನ್ನು ಹಾಗೇ ಬಿಟ್ಟು ಹೋದರು. ವಾರದ ಮೇಲೆ ಕಾಗದ ಬಂತು: ತಿಂಗಳ ಕೊನೆಯೊಳಗೆ ಗುಂಡಿ ಸರಿಯಾಗಿ ಬಳಕೆಯಲ್ಲಿ ಕಾಣದಿದ್ದರೆ ಖಾನಾವಳಿ ಮುಚ್ಚತಕ್ಕದ್ದು. ಕೆಳಗೆ ಅಧ್ಯಕ್ಷರ ಸಹಿ.

ಆ ಸಹಿ ಕಂಡು ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಅಧ್ಯಕ್ಷರು ಹತ್ತಿಯ ಅಡತಿ, ಎಂದರೆ ದಲ್ಲಾಳಿ ಅಂಗಡಿ, ನಡೆಸುವ ಸಾವಕಾರರು. ಪ್ರತಿ ಸೋಮವಾರ ತಮ್ಮ ಅಂಗಡಿಗೆ ಬಂದ ರೈತರ ಜೊತೆ ಅತ್ತೆಯ ಖಾನಾವಳಿಯಲ್ಲೇ, ಅದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಅದು ಅವರಿಗೆ ಹೆಮ್ಮೆಯ ವಿಷಯ. ಉಂಡು ಎಲ್ಲರಿಗಿಂತ ಹೆಚ್ಚು ಹೊತ್ತು ತಾಟು ಸವರುತ್ತಿದ್ದವರು, ಎಲ್ಲರಿಗೂ ಕೇಳುವ ಹಾಗೆ "ಶಿವಾ" ಎಂದು ಕುಡಿಯುತ್ತಿದ್ದವರು ಅವರೇ. ಆ ಗುಂಡಿಯಲ್ಲಿ ಜಿಡ್ಡು ಏಕಿಲ್ಲವೆಂದು ಊರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವರಿಗೆ ಗೊತ್ತಿತ್ತು.

ನಾನು ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದೆ. ಕಾಲೇಜಿನಲ್ಲಿ ದೊಡ್ಡ ದೊಡ್ಡ ವಿಷಯಗಳ ಮೇಲೆ ಪ್ರಬಂಧ ಬರೆದು ಮೆಚ್ಚುಗೆ ಪಡೆದಿದ್ದೆ. ಆದರೆ ಉಂಡವರು ತಾಟು ತೊಳೆದು ಕುಡಿಯುತ್ತಾರೆ ಎಂಬ ಒಂದು ಮಾತನ್ನು ಆ ಭಾಷೆಯಲ್ಲಿ ಹೇಗೆ ಇಟ್ಟರೂ ಅಸಹ್ಯವಾಗಿ ಕಾಣುತ್ತಿತ್ತು. ಮೂರ್ನಾಲ್ಕು ಸಲ ಹರಿದು ಬರೆದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದು, ಪ್ರಸಾದ ಎಂಬ ಮಾತನ್ನು ಹಾಗೇ ಇಟ್ಟೆ. ಇನ್ಸ್‌ಪೆಕ್ಟರರು ಓದಿ, "ಹುಡುಗಿ ಕಲ್ತಾಳ, ಆದ್ರ ಇಂಥಾದ್ದನ್ನ ಬರದ ಊರಿನ ಮರ್ಯಾದಿ ಕಳೀತಾಳ" ಎಂದರೆಂದು ಕಮಿಟಿಯ ಸಿಪಾಯಿ ಬಂದು ಹೇಳಿದ. ಅವರು ಹೇಳಿದ್ದು ಎಷ್ಟೋ, ಸಿಪಾಯಿ ಸೇರಿಸಿದ್ದು ಎಷ್ಟೋ. ಅರ್ಜಿಗೆ ಉತ್ತರ ಬರಲಿಲ್ಲ ಎಂಬುದು ಮಾತ್ರ ಖಂಡಿತ.

ಅತ್ತೆ ನನ್ನನ್ನು ಕರೆದುಕೊಂಡು ಸಾವಕಾರರ ಅಡತಿ ಅಂಗಡಿಗೆ ಹೋದಳು. ಅವರು ಒಳಗೆ ಕರೆದು ಕೂರಿಸಿದರು, ಮಜ್ಜಿಗೆ ತರಿಸಿದರು. ಒಳ್ಳೆಯ ಮಾತಿಗೆ ಕೊರತೆ ಇರಲಿಲ್ಲ.

"ಸಾವಕಾರ್ರ, ನನಗ ಮತ್ತೇನೂ ಬ್ಯಾಡ್ರಿ" ಎಂದಳು ಅತ್ತೆ. "ಸೋಮಾರ ನೀವು ಏನ ಮಾಡತೀರಿ ಅದನ್ನ ಆ ಸಾಹೇಬ್ರಿಗೆ ಒಂದ ಮಾತ ಹೇಳ್ರಿ. ಅಷ್ಟಽ."

ಸಾವಕಾರರು ರುಮಾಲು ಸರಿ ಮಾಡಿಕೊಂಡರು. "ತಂಗೀ, ಅದನ್ನ ಅಂವಗ ಹೆಂಗ ಹೇಳ್ಲಿ? ಅಂವಾ ಬ್ಯಾರೆ ಕಡೇದಾಂವ. ನಾಳಿ ಕಲೆಕ್ಟರ್ ಮುಂದ ನಕ್ಕೋತ ಹೇಳತಾನ, ಇಲ್ಲಿ ಅಧ್ಯಕ್ಷ ಮುಸುರಿ ಕುಡೀತಾನ ಅಂತ."

"ಮುಸುರಿ ಅಂತ ಅಂವಾ ಅಂದ್ರ ಅನ್ಲಿ. ನೀವೂ ಅಂತೀರಿ?"

"ನಾ ಎಲ್ಲೆ ಅಂದೆ? ಅಂವಾ ಅಂತಾನ ಅಂದೆ." ಆಮೇಲೆ ತಗ್ಗಿದ ದನಿಯಲ್ಲಿ, "ಒಂದೀಟು ಕುಸುಬಿ ಎಣ್ಣಿ ಗುಂಡ್ಯಾಗ ಹಾಕಿಬಿಡು. ಅಂವಾ ನೋಡತಾನ, ಹೋಗತಾನ. ಎಣ್ಣಿ ನಾ ಕಳಸತೇನಿ ಬೇಕಾದ್ರ."

ಅತ್ತೆ ಮಜ್ಜಿಗೆಯ ವಾಟಗವನ್ನು ಮುಟ್ಟದೆ ಎದ್ದಳು. "ಉಣ್ಣೂ ಎಣ್ಣಿ ಗಟಾರಕ್ಕ ಹಾಕಿ ಪರವಾನಿಗಿ ತಗೋ ಅಂತೀರಿ. ನಿಮ್ಮ ಬಾಯಾಗ ಈ ಮಾತ ಬರಬಾರದಿತ್ತ್ರಿ."

ಊರೆಲ್ಲ ಅದೇ ಬುದ್ಧಿ ಹೇಳಿತು. ಬಾಜೂದ ಭಜಿ ಅಂಗಡಿಯವನು ತನ್ನ ರೀತಿಯಲ್ಲಿ ಸಹಾಯಕ್ಕೆ ಬಂದ. ಎರಡು ಅಂಗಡಿಗಳ ನಡುವಿನ ಗೋಡೆಯ ಮೇಲೆ ತಲೆ ಹಾಕಿ, "ಅಕ್ಕಾ, ನಮ್ಮ ಗುಂಡ್ಯಾಗ ಬೇಕಾದಷ್ಟ ಐತ್ರಿ. ಎರಡ ಬಕೀಟ ಕಡಾ ಒಯ್ರಿ. ನೆರಮನಿ ಅಂದ ಮ್ಯಾಲ ಕೊಟ್ಟ ತಗೊಳ್ಳೂದು ಇರತೈತಿ!" ಎಂದ.

"ತಿರುಗಿ ಕೊಡಾಕ ನನ್ನ ಹತ್ರ ಎಲ್ಲಿಂದ ಬರಬೇಕೋ?"

"ತಿರುಗಿ ಕೊಡೂದ ಬ್ಯಾಡ್ರಿ. ಅದೊಂದ ಸಾಲಾ ನಾ ಬಿಟ್ಟೇನಿ."

ಅತ್ತೆ ಗೋಡೆಗೆ ಒಂದು ಹಿಡಿ ಬೂದಿ ಎಸೆದಳು. ಅವನು ನಗುತ್ತ ಇಳಿದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ವರ್ಷಗಟ್ಟಲೆ ಜಿಡ್ಡು ಬಿಟ್ಟು ಗಟಾರ ಕಟ್ಟಿಹೋಗುವ ಹಾಗೆ ಮಾಡಿದವನು ಅವನೇ, ಈಗ ತುಂಬಿದ ಗುಂಡಿ ತೋರಿಸಿ ಶಾಭಾಸ್ ಎನಿಸಿಕೊಂಡವನೂ ಅವನೇ. ಆದರೆ ಹುಕುಂ ಏನು ಬೇಡಿತ್ತೋ ಅದು ಅವನ ಹತ್ತಿರ ಇತ್ತು. ಅವನು ಸುಳ್ಳು ಹೇಳಲಿಲ್ಲ.

ಅಗೆದ ಅಡುಗೆಮನೆಯಲ್ಲಿ ಒಲೆ ಹೂಡಲಾಗದೆ ಹಿತ್ತಲಲ್ಲಿ ಮೂರು ಕಲ್ಲಿಟ್ಟು ರೊಟ್ಟಿ ಬಡಿಯುತ್ತಿದ್ದೆವು. ಒಂದು ಸಂಜೆ ಅತ್ತೆ ಎಣ್ಣೆಯ ಡಬ್ಬಿ ಹಿಡಿದು ಗುಂಡಿಯ ಹತ್ತಿರ ಹೋದದ್ದನ್ನು ನಾನು ಕಂಡೆ. ಮುಚ್ಚಳ ಸರಿಸಿ ನಿಂತಳು. ಹಾಕುತ್ತಾಳೆ ಎಂದುಕೊಂಡೆ, ಹಾಕಲಿ ಎಂದೂ ಅಂದುಕೊಂಡೆ. ಮನೆಗೆ ಬೇರೆ ಆಧಾರವಿರಲಿಲ್ಲ. ಗಂಡ ಸತ್ತ ಮೇಲೆ ಆ ಖಾನಾವಳಿಯೇ ಅವಳ ಹೊಲ, ಅವಳ ಮನೆ. ಸ್ವಲ್ಪ ಹೊತ್ತಿನ ಮೇಲೆ ಡಬ್ಬಿ ಹಿಡಿದುಕೊಂಡೇ ತಿರುಗಿ ಬಂದಳು. "ಕೈ ಬಗ್ಗವಲ್ದು" ಎಂದಳು. ಆಮೇಲೆ, "ಸೋಮಾರ ಊಟದ ಹೊತ್ತಿಗೆ ಆ ಸಾಹೇಬ್ರನ್ನ ಬರಾಕ ಹೇಳಿ ಕಳಸು. ಗುಂಡಿ ಆಮ್ಯಾಲ ನೋಡೂಣಂತ. ಮೊದಲ ಮಂದೀನ ನೋಡ್ಲಿ."

ಇನ್ಸ್‌ಪೆಕ್ಟರರು ಬಂದರು. ಅವರಿಗೂ ಒಳಗೊಳಗೆ ಅನುಮಾನ ಇದ್ದಿರಬೇಕು. ಇಲ್ಲದಿದ್ದರೆ ಊಟದ ಹೊತ್ತಿಗೇ ಬರುತ್ತಿರಲಿಲ್ಲ. ಸಾಲು ತುಂಬಿತ್ತು. ಸಾವಕಾರರು ಎಂದಿನಂತೆ ನಡುವೆ ಕೂತಿದ್ದರು. ಅವರನ್ನು ಕಂಡು ಇನ್ಸ್‌ಪೆಕ್ಟರರು ಕೈ ಮುಗಿದು ಬಾಗಿಲ ಪಕ್ಕ ನಿಂತರು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ. ಅಲ್ಲಿಂದ ಸಾಲಿನ ಅರ್ಧ ಮಾತ್ರ ಕಾಣುತ್ತಿತ್ತು, ಸಾವಕಾರರು ಆ ಅರ್ಧದಲ್ಲಿದ್ದರು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಮುಂದಿನದು ನನ್ನ ಸ್ವಂತ ಕಣ್ಣಿನದು.

ಉಂಡವರು ಒಬ್ಬೊಬ್ಬರಾಗಿ ತಾಟಿಗೆ ನೀರು ಹಾಕಿಕೊಂಡರು. ಘೋಡಗೇರಿಯ ಒಬ್ಬ ಮುದುಕ ಸುರುವಿಗೆ ತಾಟೆತ್ತಿ ಕುಡಿದ. ಅವನ ಬಾಜೂದವನು, ಅವನ ಆಚೆಯವನು. ಯಾರೂ ತೋರಿಸಲೆಂದು ಮಾಡಲಿಲ್ಲ, ದಿನದ ಹಾಗೆ ಮಾಡಿದರು. ಇನ್ಸ್‌ಪೆಕ್ಟರರ ಮುಖದಲ್ಲಿ ಮೊದಲು ಹೇಸಿಗೆ, ಆಮೇಲೆ ಒಂದು ಥರದ ಗೊಂದಲ ಕಂಡಿತು. ಆ ಗೊಂದಲಕ್ಕಾಗಿ ನಾನು ಅವರನ್ನು ಅರ್ಧ ಕ್ಷಮಿಸಿದ್ದೇನೆ. ಅವರು ನೋಡುತ್ತಿದ್ದರು, ಲೆಕ್ಕ ಹಾಕುತ್ತಿದ್ದರು, ಬಹುಶಃ ತಿಳಿಯುತ್ತಲೂ ಇತ್ತು. ಅವರ ಕಣ್ಣು ಸಾಲಿನ ಜೊತೆಗೇ ಸರಿಯುತ್ತ ಸಾವಕಾರರ ಮೇಲೆ ಬಂದು ನಿಂತಿತು.

ಸಾವಕಾರರು ತಂಬಿಗೆಯಿಂದ ತಾಟಿಗೆ ನೀರು ಹಾಕಿಕೊಂಡರು. ಬೆರಳಿನಿಂದ ಒಂದು ಸುತ್ತು ಸವರಿದರು. ತಲೆಯೆತ್ತಿ ಇನ್ಸ್‌ಪೆಕ್ಟರರನ್ನು ನೋಡಿದರು. ಅದೇ ನೀರಲ್ಲಿ ಕೈ ತೊಳೆದರು, ಬೆರಳು ಜಾಡಿಸಿದರು, ತಾಟನ್ನು ಅಲ್ಲೇ ಬಿಟ್ಟು ಎದ್ದರು.

ಪ್ರಸಾದದ ತಾಟಿನಲ್ಲಿ ಕೈ ತೊಳೆದವರನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಘೋಡಗೇರಿಯ ಮುದುಕ ಮುಖ ಆಚೆ ತಿರುಗಿಸಿದ.

ಅತ್ತೆ ಬಗ್ಗಿ ಆ ತಾಟನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಚೆಲ್ಲದ ಹಾಗೆ, ನಿಧಾನ, ನನ್ನ ಪಕ್ಕದಿಂದಲೇ ದಾಟಿ ಹಿತ್ತಲಿಗೆ ನಡೆದಳು. ನಾನು ಹಿಂದೆ ಹೋದೆ, ಇನ್ಸ್‌ಪೆಕ್ಟರರೂ ಬಂದರು. ಗುಂಡಿಯೊಳಗೆ ತಾಟು ಬೋರಲು ಹಾಕಿದಳು. ಬೂದಿ ನೀರಿನ ಮೇಲೆ ಎಣ್ಣೆಯ ನಾಲ್ಕಾರು ಹಳದಿ ಕಣ್ಣುಗಳು ತೇಲಿದವು.

"ತಗೋರಿ ಸಾಹೇಬ್ರ. ಜಿಡ್ಡು ಬಂತು. ಅಧ್ಯಕ್ಷರದಽ ಐತಿ."

ಅವರು ಜೇಬಿನಿಂದ ಪೆನ್ಸಿಲ್ ತೆಗೆದು ಕಾಗದದ ಮೇಲೆ ಗುಂಡಿ ಬಳಕೆಯಲ್ಲಿದೆ ಎಂದು ಬರೆದು ಹೊರಟುಹೋದರು. ಪರವಾನಿಗಿ ಉಳಿಯಿತು. ದಿನವೂ ಹೊಳೆಯುವ ತಾಟುಗಳು ಕೊಡಿಸಲಾರದ ಪರವಾನಿಗಿಯನ್ನು ಒಬ್ಬನು ಬಿಟ್ಟ ಎಂಜಲು ಕೊಡಿಸಿತು. ಇದನ್ನು ನ್ಯಾಯ ಎಂದು ಕರೆಯಲು ನನಗೆ ಕಲಿಸಿದ ಯಾವ ಪಾಠದಿಂದಲೂ ಸಾಧ್ಯವಾಗಿಲ್ಲ. ಅಗೆದ ಹಾಸುಗಲ್ಲುಗಳನ್ನು ಕಮಿಟಿ ಕೂರಿಸಿಕೊಡಲಿಲ್ಲ. ಅತ್ತೆಯೂ ನಾನೂ ಮಣ್ಣು ಬಡಿದು ಕೂರಿಸಿದೆವು. ಬಾಜೂದವನ ಗುಂಡಿ ಮಳೆಗಾಲದ ಮೊದಲ ನೀರಿಗೇ ಉಕ್ಕಿ ರಸ್ತೆಗೆ ಬಂತು. ಅವನಿಗೆ ಯಾವ ಕಾಗದವೂ ಬರಲಿಲ್ಲ.

ಮುಂದಿನ ಸೋಮವಾರ ಸಾವಕಾರರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಎಂದಿನ ಜಾಗದಲ್ಲೇ ಕೂತರು. ಅತ್ತೆ ಬಡಿಸಿದಳು, ಒಂದು ಪಲ್ಯ ಕಡಿಮೆ ಮಾಡಲಿಲ್ಲ, ಎರಡನೆಯ ರೊಟ್ಟಿ ಕೇಳುವ ಮೊದಲೇ ಹಾಕಿದಳು. ಅವರು ತಲೆ ಎತ್ತದೆ ಉಂಡರು. ಮುಗಿದ ಮೇಲೆ ತಾಟಿಗೆ ನೀರು ಹಾಕಿಕೊಂಡು ಸುತ್ತಲೂ ಸವರಿದರು. ಈ ಸಲ ಬಹಳ ಹೊತ್ತು ಸವರಿದರು. ಅಂದು ಬಾಗಿಲಲ್ಲಿ ನೋಡುವವರು ಯಾರೂ ಇರಲಿಲ್ಲ. ತಾಟನ್ನು ಎರಡೂ ಕೈಯಲ್ಲಿ ಎತ್ತಿ ತುಟಿಯ ಹತ್ತಿರ ತಂದರು.

ಅತ್ತೆ ಎದುರಿಗೆ ನಿಂತು ಆ ತಾಟಿನ ಅಂಚು ಹಿಡಿದಳು.

"ಬ್ಯಾಡ್ರಿ ಸಾವಕಾರ್ರ. ಇದು ಗುಂಡಿಗಿ ಬೇಕಾಗೈತಿ. ಕಮಿಟಿ ಹುಕುಂ ಐತಿ, ನೀವಽ ಸಹಿ ಮಾಡೀರಿ."

ಯಾರೋ ನಕ್ಕರು, ಯಾರೆಂದು ನನಗೆ ಕಾಣಲಿಲ್ಲ. ಸಾವಕಾರರು ಬಿಡಲಿಲ್ಲ, ಅತ್ತೆಯೂ ಬಿಡಲಿಲ್ಲ. ನಡುವೆ ತಾಟಿನ ನೀರು ಅಲುಗುತ್ತಿತ್ತು. "ತಂಗೀ, ಪ್ರಸಾದ ಐತಿ" ಎಂದರು ಅವರು, ಬಹಳ ಸಣ್ಣ ದನಿಯಲ್ಲಿ. ಅತ್ತೆ ಕಿವಿಗೊಡಲಿಲ್ಲ. ತಾಟನ್ನು ಬಿಡಿಸಿಕೊಂಡು ಹಿತ್ತಲಿಗೆ ಹೋದಳು. ಅವರು ಖಾಲಿ ಕೈಗಳನ್ನು ಹಾಗೇ ಮುಂದೆ ಹಿಡಿದುಕೊಂಡು ಕೂತಿದ್ದರು. ಹಿತ್ತಲಿಂದ ಕಲ್ಲಿನ ಮುಚ್ಚಳ ಸರಿದ ಸದ್ದು ಕೇಳಿಸಿತು.

ಅತ್ತೆ ಮಾಡಿದ್ದು ಹೆಚ್ಚಾಯಿತೇ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಒಬ್ಬರ ತುಟಿಯಿಂದ ಪ್ರಸಾದವನ್ನು ಕಸಿಯುವುದು ಸಣ್ಣ ಶಿಕ್ಷೆಯಲ್ಲ. ಅವರು ಅಂದು ನಿಜವಾಗಿಯೂ ಕುಡಿಯಬೇಕೆಂದಿದ್ದರೋ, ಸಾಲಿಗೆ ತೋರಿಸಬೇಕೆಂದಿದ್ದರೋ ನನಗೆ ತಿಳಿಯದು. ಆದರೆ ಅಡುಗೆಮನೆಯ ನೆಲವನ್ನು ಅಗೆಸುವಾಗ, ಬಾಯಿ ತೆರೆದರೆ ಸಾಕಾಗಿದ್ದ ದಿನಗಳಲ್ಲಿ, ಅವರಿಗೆ ಅದು ಪ್ರಸಾದ ಎಂಬ ಮಾತು ನೆನಪಾಗಿರಲಿಲ್ಲ.

ಅದಾದ ಮೇಲೆ ಅವರು ಸೋಮವಾರ ಬರುವುದನ್ನು ಬಿಟ್ಟರು.